ಯವ್ವಾ, ಕೂಸಿಗೆ ಯಾಕ ಬೀಳಸ್ಲಕತ್ತಿ?

ಹೋದ ವಾರ ಒಬ್ಬ ಆಯಿ ಎದ್ದು ನಿಂತು ನನಗ ಕೇಳಿದ ಮಾತು ಇದು. ಚಿತ್ತಾಪುರ ಕಡಿ ಒಂದು ಹಳ್ಳಿಯಿಂದ ಮುಂಜಾನಿ ಮೊದಲನೇ ಬಸ್ಸಿಗೇ ಬಂದಿದ್ರು, ಸಂಗಡ ಮಗಳು, ಮಗಳ ಬಗಲಾಗ ಹತ್ತು ತಿಂಗಳ ಕೂಸು. ನಮ್ಮ ರೂಮಿಂದು ಶಾಬಾದಿ ಕಲ್ಲಿನ ನೆಲ, ಅದರ ಮ್ಯಾಲ ನಾಕು ಕೌದಿ ಮಡಚಿ ಹಾಸಿದ್ದೆ. ಕೂಸಿನ ಎರಡೂ ಪಕ್ಕಿ ಗಟ್ಟಿ ಹಿಡ್ಕೊಂಡು ಮ್ಯಾಲ ಎತ್ತಿ, ತಲಿ ಮುಂದ ಮಾಡಿ ಜರ್ ಅಂತ ಕೌದಿ ಕಡಿ ಇಳಸ್ದೆ. ಬಾಗಲ ಹಂತ್ಯಾಕ ಕುಂತ ಆಯಿ ಒಮ್ಮಿಗೇ ಎದ್ದು ಬಂದು ನನ್ನ ಮೊಣಕೈ ಹಿಡದ್ರು. "ಯವ್ವಾ, ಕೂಸಿಗೆ ಯಾಕ ಬೀಳಸ್ಲಕತ್ತಿ? ಅದು ಏನ್ ತಪ್ಪ ಮಾಡ್ಯಾದ?"

"ಬೀಳಸ್ಲಕತ್ತಿಲ್ಲ ಆಯಿ. ಬಿದ್ರ ಇವ ಏನ್ ಮಾಡ್ತಾನ ಅಂತ ನೋಡ್ಲಕತ್ತೀನಿ" ಅಂದೆ. ಅವರಿಗೆ ಅರ್ಧಾ ತಿಳೀತು ಅರ್ಧಾ ಇಲ್ಲ. ಹೊರಗ ಇನ್ನೂ ಆರು ಮಂದಿ ಕುಂತಿದ್ರು, ನನಗೂ ಅವತ್ತು ಕುಂತು ಹೇಳ್ಲಿಕ್ಕೆ ಆಗ್ಲಿಲ್ಲ. ಮನಿಗೆ ಬಂದಮ್ಯಾಲ ಆ ಮಾತು ತಲಿಯಾಗೇ ಉಳೀತು, ಯಾಕಂದ್ರ ಕಲಬುರಗಿಗೆ ವಾಪಸ್ ಬಂದು ಒಂಬತ್ತು ವರ್ಷ ಆಯ್ತು, ನಾನು ದಿನಾ ಮಾಡೋ ಕೆಲಸ ಇದೇ, ಆದ್ರ ಇದು ಏನು, ಯಾಕ ಅಂತ ನಮ್ಮ ಭಾಷೆಯಾಗ ಒಮ್ಮಿನೂ ಸರಿಯಾಗಿ ಬರದಿಲ್ಲ. ಹಂಗಾಗಿ ಇವತ್ತು ಬರೀಲಕತ್ತೀನಿ.

ಆಕ್ಯುಪೇಶನಲ್ ಥೆರಪಿ ಅಂದ್ರ ಭಾಳ ಮಂದಿಗೆ ಗೊತ್ತಿಲ್ಲ, ಫಿಜಿಯೋ ಅಂತಲೇ ಕರೀತಾರ, ಅಡ್ಡಿಯಿಲ್ಲ. ಉಣ್ಣೋದು, ಅಂಗಿ ಹಾಕೋದು, ಆಡೋದು, ಬರಿಯೋದು, ಇಂಥ ದಿನದ ಕೆಲಸಗಳು ಒಬ್ಬರ ಕೈಲೆ ಯಾಕ ಆಗ್ಲಕತ್ತಿಲ್ಲ ಅಂತ ಹುಡುಕಿ ಅದಕ್ಕ ದಾರಿ ಮಾಡಿ ಕೊಡೋದು ನಮ್ಮ ಕೆಲಸ. ನಮ್ಮ ದೇಶದಾಗ ಇದರ ಮೊದಲನೇ ಕೋರ್ಸು 1950ರಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಾಗ ಶುರು ಮಾಡಿದವರು ಕಮಲಾ ನಿಂಬಕರ್. ಇನ್ನ ಕೂಸುಗಳ ವಿಷಯಕ್ಕ ಬಂದ್ರ, ಒಂದು ಕೂಸು ಮುಂದ ತಾನೇ ಕುಂತು ರೊಟ್ಟಿ ಮುರ್ದು ತಿನ್ಬೇಕಂದ್ರ ಮೊದಲ ಅದರ ಮೈ ಅದಕ್ಕ ಕುಂದ್ರಲಿಕ್ಕೆ ಬಿಡಬೇಕಲ್ಲ, ಅಲ್ಲಿಂದ ಶುರು ಆಗ್ತದ ಈ ರಿಫ್ಲೆಕ್ಸ್, ಅಂದ್ರ ಮೈ ಕೇಳದೇ ತಾನಾಗೇ ಮಾಡೋ ಚಲನಿ, ನೋಡೋದು.

ನೀವೆಲ್ಲಾ ಇದನ್ನ ನೋಡೇ ನೋಡಿರ್ತೀರಿ. ಮನ್ಯಾಗ ಕೂಸಿಗೆ ಎರಿಯೋವಾಗ ಆಯಿ ಕಾಲು ಚಾಚಿ ಕುಂತು, ಕೂಸಿನ ಕಾಲ ಮ್ಯಾಲ ಹಾಕೊಂಡು, ಎಣ್ಣಿ ಹಚ್ಚಿ ಬಿಸಿನೀರು ಹಾಕ್ತಿರ್ತಾಳ, ನಡುವ ತಲಿ ಒಂದು ಚೂರು ಹಿಂದ ಜಾರಿತು ಅಂದ್ರ ಸಾಕು, ಕೂಸು ಎರಡೂ ಕೈ ಫಟ್ಟನೆ ಅಗಲ ಮಾಡಿ, ಬೆರಳು ಬಿಚ್ಚಿ, ಆಮ್ಯಾಲ ತಬ್ಬಿಕೊಳ್ಳೋರ ಗತೆ ಒಳಗ ತಗೊಂಡು ಅಳ್ತದ. "ಬೆಚ್ಚಿತು", "ಅಂಜ್ಯಾದ" ಅಂತೀವಿ, ತಾಯತ ಕಟ್ಟಸ್ತೀವಿ. ಅದಕ್ಕ ಮೊರೋ ರಿಫ್ಲೆಕ್ಸ್ ಅಂತಾರ. ಅರ್ನ್ಸ್ಟ್ ಮೊರೋ ಅಂತ ಜರ್ಮನಿಯಾಗ ಕೆಲಸ ಮಾಡ್ತಿದ್ದ ಮಕ್ಕಳ ಡಾಕ್ಟರು 1918ರಾಗ ಇದರ ಬಗ್ಗೆ ಬರದ್ರು, ಅವರು ಇದಕ್ಕ ಕೊಟ್ಟ ಹೆಸರಿನ ಅರ್ಥ ಅಪ್ಪಿಕೊಳ್ಳೋದು ಅಂತಲೇ. ಹುಟ್ಟಿದ ಕೂಸಿನಾಗ ಇದು ಇರಲೇಬೇಕು. ಇಲ್ಲ ಅಂದ್ರ ಚಿಂತಿ, ಒಂದೇ ಕೈ ಮ್ಯಾಲ ಹೋಗಿ ಇನ್ನೊಂದು ಹಂಗೇ ಬಿದ್ದಿತ್ತಂದ್ರ ಹೆರಿಗಿ ಟೈಮಿನಾಗ ಭುಜದ ನರ ಎಳದಿರಬಹುದು, ಇಲ್ಲಾ ಕೊರಳ ಕೆಳಗಿನ ಎಲುವು ಮುರದಿರಬಹುದು. ನಾಕು ತಿಂಗಳಿಗೆ ಇದು ಕಡಿಮಿ ಆಗ್ತಾ ಬಂದು ಆರು ತಿಂಗಳ ಹೊತ್ತಿಗೆ ಕಾಣಿಸ್ದಂಗ ಆಗ್ತದ. ಆಯಿಗಳು ಹೇಳ್ತಾರಲ್ಲ, "ಆರು ತಿಂಗಳ ಆದಮ್ಯಾಲ ಕೂಸು ಅಂಜೋದು ಬಿಡ್ತದ" ಅಂತ, ಅವರು ಲೆಕ್ಕ ಸರಿಯಾಗೇ ಇಟ್ಟಾರ.

ಇಂಥವು ಇನ್ನೂ ಅವ. ಕೈಯಾಗ ಬೆರಳು ಇಟ್ರ ಗಟ್ಟಿ ಹಿಡಿಯೋದು, ಗಲ್ಲಕ್ಕ ಏನರೆ ತಾಕಿದ್ರ ಆ ಕಡಿ ಬಾಯಿ ತಿರುಗಿಸಿ ಮೊಲಿ ಹುಡುಕೋದು, ಬೆನ್ನೆಲುವಿನ ಪಕ್ಕ ಬೆರಳಾಡಿಸಿದ್ರ ಸೊಂಟ ಆ ಕಡಿ ಮಣಿಯೋದು. ಇವೆಲ್ಲಾ ಹುಟ್ಟೋವಾಗ್ಲೇ ತಂದ ಬುತ್ತಿ, ಮಿದುಳಿನ ಮ್ಯಾಲಿನ ಭಾಗ ಬೆಳೀತಾ ಬಂದಂಗ ಒಂದೊಂದೇ ಅಡಗ್ತಾವ.

ನಾನು ಭಾಳ ಹೊತ್ತು ನೋಡೋದು ಅಂದ್ರ ಎಟಿಎನ್ಆರ್, ಕುತ್ತಿಗಿ ಒಂದು ಬದಿಗೆ ತಿರುಗಿದ್ರ ಕೈ ತಾನಾಗೇ ಆಡೋ ರಿಫ್ಲೆಕ್ಸ್. ಕೂಸಿಗೆ ಅಂಗಾತ ಮಲಗಸಿ, ಗಿಲಕಿ ಆಡಿಸಿ ಮುಖ ಬಲಕ್ಕ ತಿರುಗೋ ಹಂಗ ಮಾಡ್ತೀನಿ, ಆವಾಗ ಬಲಗೈ ನೆಟ್ಟಗ ಚಾಚ್ತದ, ಎಡಗೈ ತಲಿ ಹಿಂದ ಮಡಚ್ತದ, ನೋಡ್ಲಿಕ್ಕೆ ಬಿಲ್ಲಿಗೆ ಬಾಣ ಹೂಡಿ ಎಳದವರ ಗತೆ. ಎರಡು ಮೂರು ತಿಂಗಳ ಕೂಸಿನಾಗ ಇದು ಚಂದ, ತನ್ನ ಕೈ ತಾನೇ ಮೊದಲ ಸಲ ನೋಡೋದು ಹಿಂಗೇ. ಆದ್ರ ಆರು ತಿಂಗಳು ದಾಟಿದಮ್ಯಾಲೂ ಪ್ರತಿ ಸಲ ಹಂಗೇ ಆಗ್ಲಕತ್ತಿತ್ತಂದ್ರ ಏನಾಗ್ತದ ಯೋಚನಿ ಮಾಡ್ರಿ, ಬಿಸ್ಕಿಟ್ ನೋಡ್ಬೇಕಂತ ತಿರುಗಿದ್ರ ಕೈ ನೆಟ್ಟಗಾಗಿ ಬಿಡ್ತದ, ಬಾಯಿಗೆ ತರ್ಲಿಕ್ಕೆ ಬರಲ್ಲ, ಎರಡೂ ಕೈ ಎದಿ ನಡುವ ಕೂಡಲ್ಲ, ಹೊರಳ್ಬೇಕಂದ್ರ ಚಾಚಿದ ಕೈಯೇ ಅಡ್ಡ ಬರ್ತದ. ಅದಕ್ಕಿಂತ ಮುಖ್ಯ ಇನ್ನೊಂದು ಅದ. ಆ ಭಂಗಿಯಾಗ ಕೂಸು ಸಿಕ್ಕಿ ಬೀಳ್ತದೋ, ಇಲ್ಲಾ ಎರಡು ಕ್ಷಣ ಇದ್ದು ತಾನೇ ಬಿಡಿಸ್ಕೊಂಡು ಹೊರಗ ಬರ್ತದೋ ಅನ್ನೋದು. ಎರಡು ತಿಂಗಳ ಕೂಸೇ ಇರಲಿ, ಸಿಕ್ಕಿ ಬಿದ್ದು ಹೊರಗ ಬರ್ಲಿಕ್ಕೆ ಆಗ್ಲಕತ್ತಿಲ್ಲ ಅಂದ್ರ ಅದು ಯಾವ ವಯಸ್ಸಿನಾಗೂ ಸರಿ ಅಲ್ಲ, ಮಕ್ಕಳ ಡಾಕ್ಟರಿಗೆ ತೋರಿಸ್ಲೇಬೇಕು.

ಎಸ್‌ಟಿಎನ್ಆರ್ ಅಂತ ಇನ್ನೊಂದು, ಕುತ್ತಿಗಿ ಎತ್ತಿದ್ರ, ಬಗ್ಗಿಸಿದ್ರ ಕೈ ಕಾಲು ತಾನಾಗೇ ಆಡೋ ರಿಫ್ಲೆಕ್ಸ್, ಇದು ಹುಟ್ಟಿನಿಂದ ಇರಲ್ಲ, ನಾಕು-ಆರು ತಿಂಗಳಿಗೆ ಬಂದು ವರ್ಷದ ಒಳಗ ಹೋಗ್ತದ. ನೆಲುವಿನ ಮ್ಯಾಲಿನ ಹಾಲಿನ ಗಡಿಗಿ ಕಡಿ ಬೆಕ್ಕು ಕುತ್ತಿಗಿ ಎತ್ತಿ ನೋಡೋದು ನೆನಸ್ಕೊರಿ, ಮುಂಗಾಲು ನೆಟ್ಟಗ, ಹಿಂದಿನ ಕಾಲು ಮಡಚಿ ಕುಂತಂಗ. ಅದೇ ಬೆಕ್ಕು ಬಟ್ಟಲಾಗಿನ ಹಾಲು ಕುಡೀಲಿಕ್ಕೆ ಬಗ್ಗಿದಾಗ ಮುಂಗಾಲು ಮಣೀತಾವ, ಹಿಂದ ಎದ್ದಿರ್ತದ. ಕೂಸೂ ಅಂಬೆಗಾಲಿನ ಭಂಗಿಗೆ ಹೋಗೋ ಮುಂಚೆ ಹಂಗೇ ಹಿಂದ ಮುಂದ ತೂಗ್ತದಲ್ಲ, ಅದರಾಗ ಇದನ್ನ ದಾಟ್ಲಕತ್ತದ. ದಾಟದೇ ಉಳದ ಮಕ್ಕಳು ಎರಡೂ ಮೊಣಕಾಲು ಕೂಡೇ ಎತ್ತಿ ಮೊಲದ ಗತೆ ಕುಪ್ಪಳಸ್ತಾ ಹೋಗ್ತಾವ.

ಇಷ್ಟು ಆಯ್ತು ಹೋಗಬೇಕಾದ್ದರ ಕಥಿ. ಈಗಿನ ತಾಯಂದಿರು ಮೊಬೈಲಾಗ ನೋಡಿ ಬಂದು ಕೇಳೋದೂ ಇದನ್ನೇ, "ಮೇಡಂ, ಇವನಿಗೆ ಮೊರೋ ಹೋಗ್ಯಾದೇನ್ರಿ, ಎಟಿಎನ್ಆರ್ ಉಳದದೇನ್ರಿ?" ಕೇಳ್ಲಿ, ಒಳ್ಳೇದೇ. ಆದ್ರ ಒಂಬತ್ತು ವರ್ಷ ಕೂಸುಗಳ ಎದುರಿಗೆ ನೆಲದ ಮ್ಯಾಲ ಕುಂತು ನನಗ ಅನಿಸಿದ್ದು, ಹೋಗಬೇಕಾದ್ದು ಹೋಗ್ಯಾದೋ ಇಲ್ಲೋ ಅನ್ನೋದಕ್ಕಿಂತ ಬರಬೇಕಾದ್ದು ಬಂದದೋ ಇಲ್ಲೋ ಅನ್ನೋದು ದೊಡ್ಡ ಪ್ರಶ್ನಿ. ಅದನ್ನ ಮಾತ್ರ ಯಾರೂ ಕೇಳಲ್ಲ.

ಬರಬೇಕಾದ್ದು ಏನಂದ್ರ, ಬೀಳೋವಾಗ ಮೈ ತಾನಾಗೇ ಮಾಡೋ ಕೆಲಸ. ಮೊದಲ ತಲಿ. ಕೂಸಿಗೆ ಹಿಡ್ದು ಒಂದು ಬದಿಗೆ ವಾಲಿಸಿದ್ರ ಮೈ ವಾಲಿದ್ರೂ ತಲಿ ಮಾತ್ರ ನೆಟ್ಟಗ ನಿಲ್ಲಸ್ತದ. ಆಮ್ಯಾಲ ಕೈ. ತಲಿಗೆಳಗಾಗಿ ಇಳಿಸಿದ್ರ ಎರಡೂ ಕೈ ಮುಂದ ಚಾಚಿ ಅಂಗೈ ಬಿಚ್ಚಿ ನೆಲಕ್ಕ ಊರ್ತದ, ಇದಕ್ಕೇ ಪ್ಯಾರಾಶೂಟ್ ಅಂತಾರ, ನಾನು ಆಯಿ ಮುಂದ ಮಾಡಿದ್ದು ಇದೇ. ಆರರಿಂದ ಒಂಬತ್ತು ತಿಂಗಳ ನಡುವ ಬರ್ತದ. ಕುಂತಾಗ ಬಾಜೂಕ ಬಿದ್ರ ಬಾಜೂಕ ಕೈ ಊರೋದು ಏಳೆಂಟು ತಿಂಗಳಿಗೆ, ಹಿಂದಕ್ಕ ಊರೋದು ಎಲ್ಲಾಕ್ಕಿಂತ ತಡ, ಒಂಬತ್ತು ಹತ್ತು ತಿಂಗಳಿಗೆ. ಅದಕ್ಕೇ ಕೂಸು ಕುಂದ್ರಲಿಕ್ಕೆ ಕಲ್ತ ಹೊಸದಾಗಿ ಹಿಂದ ಬಿದ್ದು ತಲಿ ಹೊಡ್ಕೊಳ್ಳೋದು, ನಮ್ಮ ಮಂದಿ ಹಿಂದ ದಿಂಬು ಇಡೋದು. ಆಮ್ಯಾಲ ಬರೋದು ಈಕ್ವಿಲಿಬ್ರಿಯಂ, ಕೈ ಊರೋ ಮಟ ಹೋಗದಂಗ ಮೈಯೇ ತಕ್ಕಡಿ ಆಗೋದು. ಹಲಗಿ ಮ್ಯಾಲ ಕುಂದ್ರಿಸಿ ಒಂದು ಕಡಿ ತಗ್ಗಿಸಿದ್ರ ಬೆನ್ನು ಮ್ಯಾಲೆದ್ದ ಕಡಿಗೆ ಬಾಗ್ತದ, ಆ ಕಡಿ ಕೈ ಕಾಲು ಅಗಲ ಆಗ್ತಾವ. ಕುಂತಾಗಿಂದು ಏಳೆಂಟು ತಿಂಗಳಿಗೆ, ಅಂಬೆಗಾಲಿಂದು ಒಂಬತ್ತರಿಂದ ಹನ್ನೆರಡು, ನಿಂತಾಗಿಂದು ವರ್ಷ ದಾಟಿದಮ್ಯಾಲ ನಿಧಾನಕ ಬರ್ತದ. ಮೊದಲಿನವು ಅಡಗಿ ಹೋಗ್ತಾವ ಅಂದೆನಲ್ಲ, ಇವು ಹಂಗಲ್ಲ, ಬಂದಮ್ಯಾಲ ಜೀವ ಇರೋ ತನಕ ಇರ್ತಾವ. ಬಸ್ಸಿನಾಗ ಡ್ರೈವರ್ ಬ್ರೇಕ್ ಒತ್ತಿದಾಗ ನೀವು ಬೀಳದೇ ನಿಂತ್ರಿ ಅಂದ್ರ ನೀವು ಕೂಸಿದ್ದಾಗ ಬಂದ ಗಂಟೇ ಇವತ್ತಿಗೂ ಕೆಲಸ ಮಾಡ್ಲಕತ್ತದ.

ನನ್ನ ಹಲಗಿ ಇಲ್ಲೇ ಒಬ್ಬ ಬಡಿಗ್ಯಾರು ಮಾಡಿ ಕೊಟ್ಟಿದ್ದು, ತೊಟ್ಟಿಲಿಗೆ ಹಾಕೋ ಹಂಗ ಕೆಳಗ ಎರಡು ಬಾಗಿದ ಕಟ್ಟಿಗಿ. ಅದೂ ಇಲ್ಲದ ಹಳ್ಳ್ಯಾಗ ಅಪ್ಪನ ತೊಡಿನೇ ಹಲಗಿ, ಒಂದು ಮೊಣಕಾಲು ಎತ್ತಿ ಇಳಸ್ರಿ ಅಂತೀನಿ, ಸಾಕು. ಒಂದು ಮನ್ಯಾಗ ಅರ್ಧ ತುಂಬಿದ ತೊಗರಿ ಚೀಲದ ಮ್ಯಾಲ ಕುಂದ್ರಿಸಿ ನೋಡೀನಿ, ಕೆಳಗ ಕಾಳು ಸರಿದಂಗೆಲ್ಲಾ ಹುಡುಗಿ ತನ್ನ ಬೆನ್ನು ತಾನೇ ಸರಿ ಮಾಡ್ಕೊಂತ ಕುಂತಿದ್ಳು, ಅಷ್ಟು ಚಂದ ನನ್ನ ಹಲಗಿ ಮ್ಯಾಲೂ ಬರಲ್ಲ.

ವಾಕರ್ ವಿಷಯ ಇಲ್ಲೇ ಹೇಳಿ ಬಿಡ್ತೀನಿ. ಸೂಪರ್ ಮಾರ್ಕೆಟ್ ಕಡಿ ಹೋದ್ರ ಬಣ್ಣ ಬಣ್ಣದ್ದು ತೂಗ ಹಾಕಿರ್ತಾರ, ಸೋದರಮಾವ ಪ್ರೀತಿಲೆ ತರ್ತಾನ. ಅದರಾಗ ಕೂಸು ನಡಿಯೋದಿಲ್ಲ, ಜೋತಾಡ್ತದ. ವಾಲಿದಾಗ ತಡಿಯೋದು ಪ್ಲಾಸ್ಟಿಕ್ಕು, ಕೂಸಿನ ಮೈಯಲ್ಲ. ಮ್ಯಾಲ ಮೆಟ್ಟಿಲ ಮ್ಯಾಗಿಂದ ಉರುಳಿದ್ರ ತಲಿಗೇ ಪೆಟ್ಟು. ಕೆನಡಾ ದೇಶ 2004ರಾಗೇ ಅದನ್ನ ಮಾರೋದೇ ಬಂದ್ ಮಾಡ್ಯಾದ. ನಮ್ಮ ಹಳೇ ಮೂರು ಗಾಲಿ ಕಟ್ಟಿಗಿ ಗಾಡಿ ಭಾಳ ಚಲೋ, ಕೂಸು ತಾನೇ ಎದ್ದು ನಿಂತು ಹಿಂದಿಂದ ದೂಡ್ತದ.

ಈಗ ಚಿತ್ತಾಪುರದ ಕೂಸಿನ ಮಾತು. ಹೆಸರು, ಊರು ಹೇಳಲ್ಲ, ಗುರ್ತು ಸಿಗದಂಗ ಒಂದೆರಡು ವಿವರನೂ ಬದಲು ಮಾಡೀನಿ. ತಲಿಗೆಳಗಾಗಿ ಇಳಸಿದಾಗ ಎಡಗೈ ಸಟ್ಟನೆ ಬಂತು, ಅಂಗೈ ಬಿಚ್ಚಿ ಕೌದಿಗೆ ಊರಿತು. ಬಲಗೈ ಮುಷ್ಟಿ ಬಿಗ್ದು ಎದಿಗೇ ಇತ್ತು. ತಪ್ಪಿರಬೇಕಂತ ಸ್ವಲ್ಪ ಬಿಟ್ಟು ಮತ್ತ ಮಾಡ್ದೆ, ಅದೇ. ಕುಂದ್ರಿಸಿ ಎಡಕ್ಕ ವಾಲಿಸ್ದೆ, ಕೈ ಬಂತು, ಬಲಕ್ಕ ವಾಲಿಸ್ದೆ, ಕೈ ಬರಲಿಲ್ಲ, ಕೂಸೇ ಬಂದು ನನ್ನ ಕೈ ಮ್ಯಾಲ ಬಿತ್ತು. ಆವಾಗ ಅವರವ್ವ ಹೇಳಿದ್ರು, "ಇವ ಎಡಚರಿ ಮೇಡಂ, ನಾಕೈದು ತಿಂಗಳಿನಿಂದಾನೂ ಏನ್ ಕೊಟ್ರೂ ಎಡಗೈಲೇ ತಗೋತಾನ, ನಮ್ಮ ಮಾವನೂ ಎಡಚರೇ."

ಈ ಮಾತು ಓದ್ಲಕತ್ತವರು ದಯವಿಟ್ಟು ನೆನಪಿನಾಗ ಇಟ್ಕೊರಿ. ವರ್ಷದ ಒಳಗಿನ ಕೂಸು ಎಡಚನೂ ಅಲ್ಲ ಬಲಚನೂ ಅಲ್ಲ, ಎರಡೂ ಕೈ ಸಮ ಆಡಿಸ್ಬೇಕು. ಒಂದೇ ಕೈ ಬಳಸ್ಲಕತ್ತದ ಅಂದ್ರ ಇನ್ನೊಂದು ಕೈಯಾಗ ಏನೋ ತೊಂದ್ರಿ ಅದ ಅಂತ ಸಂಶಯ ಪಡಬೇಕು, ಮಿದುಳಿನ ಒಂದು ಬದಿ ಪೆಟ್ಟಾಗಿದ್ರ ಹಿಂಗ ಆಗ್ತದ. ನಾನು ರೋಗದ ಹೆಸರು ಹೇಳಲಿಲ್ಲ, ಹೇಳೋದು ನನ್ನ ಕೆಲಸನೂ ಅಲ್ಲ. ನೋಡಿದ್ದಷ್ಟೇ ಚೀಟಿಯಾಗ ಬರ್ದು ಮಕ್ಕಳ ನರರೋಗ ಡಾಕ್ಟರ ಹಂತ್ಯಾಕ ಕಳಿಸ್ದೆ. ಆದ್ರ ಬಲಗೈ ಆಟ ಅವತ್ತೇ ಶುರು ಮಾಡಿಸೀನಿ, ವರದಿ ಬರೋ ತನಕ ಕಾಯೋದು ಬೇಕಾಗಿಲ್ಲ, ಈ ವಯಸ್ಸಿನಾಗ ಒಂದೊಂದು ವಾರನೂ ಲೆಕ್ಕಕ್ಕ ಬರ್ತದ. ಆ ಆಟ ಹೆಂಗಂತ ಆಯಿ ಪೂರಾ ಕೇಳಿ, ಆಮ್ಯಾಲ ತಾವೇ ಕೂಸಿಗೆ ತೊಡಿ ಮ್ಯಾಲ ಕುಂದ್ರಿಸ್ಕೊಂಡು ಬಲಕ್ಕ ಮೆಲ್ಲಕ ವಾಲಿಸಿ, "ಹಿಂಗೇನವ್ವಾ?" ಅಂತ ಕೇಳಿದ್ರು. ಹಿಂಗೇ ಆಯಿ. ಎರಡನೇ ಸಲಕ್ಕೇ ನನಗಿಂತ ಚಲೋ ಮಾಡಿದ್ರು, ಕೂಸಿಗೆ ಅವರ ಕೈ ಗುರ್ತಿತ್ತು.

ನಾನು ತಪ್ಪು ಮಾಡಿದ್ದೂ ಅದ, ಹೇಳ್ದಿದ್ರ ಈ ಬರಹ ಅರ್ಧಾ ಆಗ್ತದ. ಕೆಲಸಕ್ಕ ಸೇರಿದ ಮೊದಲನೇ ವರ್ಷ, ಆಳಂದ ಕಡಿ ಒಂದು ಕ್ಯಾಂಪು, ಮೇ ತಿಂಗಳು, ಮಧ್ಯಾಹ್ನ ಎರಡು ಗಂಟಿ, ಕರೆಂಟ್ ಇಲ್ಲ. ಒಂಬತ್ತು ತಿಂಗಳ ಹೆಣ್ಣು ಕೂಸು, ಮುಂಜಾನಿಂದ ಲೈನಿನಾಗ ಕಾದು ಹಸದು ಮೈ ಕೆಂಪಾಗಿತ್ತು, ನಾನು ಅವಸರದಾಗ ಒಂದೇ ಸಲ ಮಾಡಿ ನೋಡಿ, ಪ್ರೊಟೆಕ್ಟಿವ್, ಅಂದ್ರ ಬೀಳೋವಾಗ ಕೈ ಊರೋದು, ಇಲ್ಲ ಅಂತ ಬರ್ದು ತಾಯಿಗೂ ಹೇಳಿ ಬಿಟ್ಟೆ. ಎರಡು ವಾರ ಆದಮ್ಯಾಲ ಕಲಬುರಗಿಗೆ ಬಂದ್ರು, ಕೂಸು ಉಂಡು ಮಲಗಿ ಎದ್ದಿತ್ತು, ಎಲ್ಲಾನೂ ಸರಿ ಇತ್ತು, ಎರಡೂ ಕೈ ಹೂವಿನಂಗ ಬಿಚ್ಚಿ ಬಂದ್ವು. ಆ ತಾಯಿ ಎರಡು ವಾರ ಅನ್ನ ಬಿಟ್ಟಿದ್ರಂತ. ಇನ್ನೂ ಒಂದು ವಿಷಯ ಆವತ್ತೇ ಗೊತ್ತಾಯ್ತು, ಕೂಸು ಹುಟ್ಟಿದ್ದು 32 ವಾರಕ್ಕ. ಅಂದ್ರ ಎಂಟು ವಾರ ಮುಂಚೆ, ಹಂಗಾದ್ರ ನಾನು ಲೆಕ್ಕ ಹಾಕಬೇಕಾದ ವಯಸ್ಸು ಒಂಬತ್ತಲ್ಲ, ಏಳು. ತಾಯಿ ಕಾರ್ಡು ಅವರ ಚೀಲದಾಗೇ ಇತ್ತು, ನಾನು ಕೇಳಿರ್ಲಿಲ್ಲ. ಆಮ್ಯಾಲಿಂದ ಹುಟ್ಟಿದ ವಾರ ಕೇಳದೇ ಯಾವ ಕೂಸಿಗೂ ಕೈ ಹಚ್ಚಲ್ಲ, ಒಂದೇ ದಿನದ ಪರೀಕ್ಷಾದ ಮ್ಯಾಲ ಯಾರಿಗೂ ಇಲ್ಲ ಅನ್ನೋ ಮಾತು ಹೇಳಲ್ಲ, ಬೇಸಿಗಿಯಾಗ ಎಂಟು ಗಂಟಿ ಒಳಗೇ ಕರಸ್ತೀನಿ.

ಸಾಲಿಗೆ ಹೋಗೋ ಮಕ್ಕಳಾಗ ನೋಡೋ ರೀತಿ ಬ್ಯಾರೆ. ಕೈ ಮೊಣಕಾಲು ಊರಿ ನಿಲ್ಲಸಿ, ನಾನೇ ತಲಿ ನಿಧಾನಕ ಒಂದು ಬದಿಗೆ ತಿರುಗಸ್ತೀನಿ, ಇನ್ನೊಂದು ಬದಿ ಮೊಣಕೈ ಮಡಚ್ತದೇನು ನೋಡ್ತೀನಿ. ಕೈ ಮುಂದ ಚಾಚಿ ಕಣ್ಣು ಮುಚ್ಚಿ ನಿಂತಾಗ ತಲಿ ತಿರುಗಿಸಿದ್ರ ಕೈನೂ ಸಂಗಡ ಹೋಗ್ತಾವೇನು ಅಂತ ಒಂದು. ಹೊಟ್ಟಿ ಮ್ಯಾಲ ಮಲಗಿ ಕೈ ಕಾಲು ತಲಿ ಎಲ್ಲಾ ಎತ್ತಿ ವಿಮಾನ ಮಾಡೋದು, ಆರು ವರ್ಷದ ಹುಡುಗ 20-30 ಸೆಕೆಂಡ್ ಹಿಡೀಬೇಕು. ಒಂಟಿ ಕಾಲಿನ ಮ್ಯಾಲ ನಿಲ್ಲೋದು, ಗೆರಿ ಮ್ಯಾಲ ಹಿಮ್ಮಡಿಗೆ ಬೆರಳು ಹಚ್ಚಿ ನಡಿಯೋದು. ನಂಬರ್ ಬೇಕಂದ್ರ ಪೀಡಿಯಾಟ್ರಿಕ್ ಬ್ಯಾಲೆನ್ಸ್ ಸ್ಕೇಲ್ ಅದ, 14 ಕೆಲಸ, ಒಂದೊಂದಕ್ಕ 4 ಅಂಕ, ಒಟ್ಟು 56. ಇಲ್ಲಿ ಒಂದೇ ದಿನದಾಗ ಕನ್ನಡ, ಉರ್ದು, ಲಂಬಾಣಿ, ತೆಲುಗು ಮಾತಾಡೋ ಮಕ್ಕಳು ಬರ್ತಾವ, ಅದಕ್ಕ ಬಾಯಲೆ ಹೇಳೋದು ಕಮ್ಮಿ, ನಾನೇ ಮೊದಲ ಮಾಡಿ ತೋರಸ್ತೀನಿ.

ಏಳು ವರ್ಷದ ಒಬ್ಬ ಹುಡುಗನ ತಂದಿ ತಾಯಿ ಬಂದಿದ್ರು. ಓದೋದು ಹಿಂದ ಅದಾನಂತ ಯಾರೋ ಆನ್‌ಲೈನಿನಾಗ ನೋಡಿ "ಇವನಿಗೆ ರಿಫ್ಲೆಕ್ಸ್ ಉಳದಾವ, ನಮ್ಮ ಪ್ಯಾಕೇಜ್ ಮಾಡಸ್ರಿ, ಓದು ತಾನೇ ಬರ್ತದ" ಅಂದಾರ, ಇವರು ಒಡವಿ ಅಡ ಇಟ್ಟು ರೊಕ್ಕ ಕಟ್ಯಾರ. ನನಗ ಆ ದಿನ ಭಾಳ ಸಂಕಟ ಆಯ್ತು, ಸಿಟ್ಟೂ ಬಂತು. ನಾನು ನೋಡಿದಾಗ ಮೊಣಕೈ ಒಂಚೂರು ಮಣೀತಿತ್ತು, ಖರೇ. ಅಷ್ಟು ಮಣಿಯೋದು ಏನೂ ತೊಂದ್ರಿ ಇಲ್ಲದ ಮಕ್ಕಳಾಗೂ ಕಾಣ್ತೀವಿ. ಅದಕ್ಕೂ ಅಕ್ಷರ ಕೂಡಿಸಿ ಓದೋದಕ್ಕೂ ನೇರ ಗಂಟು ಹಾಕ್ಲಿಕ್ಕೆ ಗಟ್ಟಿ ಪುರಾವೆ ಇಲ್ಲ, ರಿಫ್ಲೆಕ್ಸ್ ವ್ಯಾಯಾಮ ಮಾಡಿದ್ರ ಓದು ಬರ್ತದ ಅನ್ನೋದಕ್ಕಂತೂ ಇಲ್ಲೇ ಇಲ್ಲ. ಇವ ಬೆಂಚಿನ ಮ್ಯಾಲ ಐದು ನಿಮಿಷ ನೆಟ್ಟಗ ಕುಂದ್ರಲಾರ, ಒಂಟಿ ಕಾಲಿನ ಮ್ಯಾಲ ಮೂರು ಸೆಕೆಂಡ್, ಇದಕ್ಕ ನನ್ನ ಹಂತ್ಯಾಕ ಕೆಲಸ ಅದ, ಮಾಡ್ತೀನಿ ಅಂದೆ. ಓದಿಂದು ಓದು ಕಲಿಸೋರೇ ನೋಡಬೇಕು, ಕಣ್ಣು ಕಿವಿ ಒಮ್ಮಿ ತೋರಸ್ರಿ ಅಂದೆ. ನಮ್ಮ ಪರೀಕ್ಷಾ ಕಿಟಕಿ ಇದ್ದಂಗ, ಒಂದು ಕೋಣಿ ಕಾಣ್ತದ, ಇಡೀ ಮನಿ ಕಾಣ್ತದ ಅಂತ ಹೇಳಿ ರೊಕ್ಕ ತಗೊಳ್ಳೋದು ಅನ್ಯಾಯ.

ನಮ್ಮ ಮುತ್ಯಾಂದು ಒಂದು ಮಾತು ಹೇಳ್ಬೇಕು. ಪಾರ್ಶ್ವವಾಯು ಬಡ್ದು, ಮರವು ಹೆಚ್ಚಾಗಿ, ಕೊನಿ ಕೊನಿಗೆ ಯಾರ ಗುರ್ತೂ ಹಿಡೀತಿರ್ಲಿಲ್ಲ. ಮಿದುಳಿನ ಮುಂದಿನ ಭಾಗ ಸೋತಾಗ ಅಡಗಿದ್ದ ಕೂಸಿನ ರಿಫ್ಲೆಕ್ಸ್ ಮತ್ತ ಹೊರಗ ಬರ್ತಾವ. ಅವರ ಅಂಗೈಯಾಗ ಬೆರಳು ಇಟ್ಟೆ, ಗಟ್ಟಿ ಹಿಡದ್ರು, ಬಿಡ್ಲಿಲ್ಲ. ಅವ್ವ ಅತ್ಗೊಂತ, "ನೋಡು, ನಿನ್ನ ಗುರ್ತ ಹಿಡದ್ರು" ಅಂದ್ಲು. ನನಗ ಅದು ಏನಂತ ಗೊತ್ತಿತ್ತು. ಅವ್ವಗ ಹೇಳಲಿಲ್ಲ, ಬೆರಳೂ ಬಿಡಿಸ್ಕೊಳ್ಳಲಿಲ್ಲ, ನರ್ಸ್ ಬರೋ ತನಕ ಹಂಗೇ ಕುಂತಿದ್ದೆ.

ತೊಗರಿ ರಾಶಿ ಮುಗದಮ್ಯಾಲ ನಮ್ಮ ಭಾಗದ ಎಷ್ಟೋ ಮನಿಗಳು ಪುಣೆ, ಮುಂಬಯಿ, ಹೈದರಾಬಾದ್ ಅಂತ ದುಡೀಲಿಕ್ಕೆ ಹೊರಡ್ತಾವ, ನಾಕು ತಿಂಗಳು ಕೂಸು ನನ್ನ ಕಣ್ಣಿಗೆ ಬೀಳಲ್ಲ. ಹಂಗಾಗಿ ಹೋಗೋ ಮುಂಚೆ ಒಮ್ಮಿ ತೋರಿಸ್ಕೊಂಡು ಹೋಗ್ರಿ. ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಮಕ್ಕಳ ಆರೋಗ್ಯ ತಪಾಸಣಿ) ಅಂತ 2013ರಿಂದ ಅದ, ಅಂಗನವಾಡಿಗೆ, ಸಾಲಿಗೆ ತಂಡ ಬರ್ತದ, ಹುಟ್ಟಿದ ಕೂಸಿನಿಂದ 18 ವರ್ಷದ ತನಕ ನೋಡ್ತಾರ, ಅವರಿಗೆ ಕೇಳಿದ್ರ ಎಲ್ಲಿಗೆ ಕರ್ಕೊಂಡು ಹೋಗಬೇಕಂತ ಹೇಳ್ತಾರ. ಬರೋವಾಗ ಕೂಸಿಗೆ ಹೊಟ್ಟಿ ತುಂಬ ಉಣಿಸಿ, ಒಂದು ನಿದ್ದಿ ಮಾಡಿಸಿ ಕರ್ಕೊಂಡು ಬರ್ರಿ, ಜ್ವರ ಇದ್ರ ಬ್ಯಾಡ. ತಾಯಿ ಕಾರ್ಡ್ ತರ್ರಿ. ಮನ್ಯಾಗ ಕೂಸು ಆಡೋದು, ಹೊರಳೋದು, ಎರಿಯೋವಾಗಿಂದು ಮೊಬೈಲಾಗ ಎರಡು ನಿಮಿಷ ವಿಡಿಯೋ ಮಾಡ್ಕೊಂಡು ಬರ್ರಿ, ನನ್ನ ರೂಮಿನಾಗ ಕೂಸು ಅತ್ರ ಅದೇ ನೋಡ್ತೀನಿ. ಆಯಿ ಮನ್ಯಾಗಿದ್ರ ಅವರಿಗೂ ಕರ್ಕೊಂಡೇ ಬರ್ರಿ.